ದಾದಿಯರ ಬಸವಳಿಕೆ: ಸೇವೆಯೋ, ಶೋಷಣೆಯೋ?

ಮನುಷ್ಯನು ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬ ಪ್ರಶ್ನೆ ಕಳೆದ ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಬಿರುಸಿನ ಚರ್ಚೆಗೆ ಒಳಗಾಗಿದೆ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಲಾರ್ಸನ್ ಆ್ಯಂಡ್ ಟೂಬ್ರೊ ಸಂಸ್ಥೆಯ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಗಳ ಮಾತು ದೇಶದಾದ್ಯಂತ ಟೀಕೆಗೆ ಗುರಿಯಾಯಿತು. ಇವೆರಡರ ನಡುವೆ, 2024ರ ಜುಲೈಯಲ್ಲಿ, ಕರ್ನಾಟಕದ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ ಸರಕಾರದ ಮುಂದೆ ಬಂದು, ನೌಕರರ ಸಂಘಟನೆಗಳ ತೀವ್ರ ಪ್ರತಿಭಟನೆಯನ್ನು ಎದುರಿಸಿತು. 2025ರ ನವೆಂಬರ್ 21ರಂದು ಕೇಂದ್ರ ಸರಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುದರೊಂದಿಗೆ ಈ ಚರ್ಚೆಗೆ ಹೊಸ ಆಯಾಮ ದೊರೆತಿದೆ.

ಈ ವಾದ ಪ್ರತಿವಾದಗಳಲ್ಲಿ ಕೇಳಿಬಂದುದು ಹೆಚ್ಚಾಗಿ ಕಂಪ್ಯೂಟರ್ ಕಚೇರಿಗಳ ಮತ್ತು ಕಾರ್ಖಾನೆಗಳ ದನಿ. ನಮ್ಮ ಮನೆಗಳಿಗೆ ಇವೆರಡಕ್ಕಿಂತಲೂ ನಿಕಟವಾದ ಇನ್ನೊಂದು ವೃತ್ತಿಯಿದೆ. ಅದರ ದನಿ ಈ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಅದು ದಾದಿಯರ ವೃತ್ತಿ. ಕರಾವಳಿಯ ಧರ್ಮಕೇಂದ್ರಗಳಲ್ಲಿ ನರ್ಸಿಂಗ್ ಕಲಿತ ಮಗಳೋ ಸೊಸೆಯೋ ಇರುವ ಕುಟುಂಬಗಳು ಕಡಿಮೆಯೇನಲ್ಲ. ಈಚೆಗೆ ಗಂಡುಮಕ್ಕಳೂ ಈ ವೃತ್ತಿಯನ್ನು ಆರಿಸಿಕೊಳ್ಳುತ್ತಿದ್ದಾರೆ. ಮಂಗಳೂರು ಬೆಂಗಳೂರುಗಳಿಂದ ಹಿಡಿದು ಕೊಲ್ಲಿ ರಾಷ್ಟ್ರಗಳು, ಐರ್ಲೆಂಡ್, ಇಂಗ್ಲೆಂಡ್‌ಗಳವರೆಗೆ ಅವರು ಹರಡಿಕೊಂಡಿದ್ದಾರೆ. ಮತ್ತೊಂದೆಡೆ, ಆಸ್ಪತ್ರೆಗಳನ್ನು ನಡೆಸುವವರಲ್ಲಿಯೂ ನಮ್ಮವರು ಅನೇಕರು. 1943ರಲ್ಲಿ ಸ್ಥಾಪನೆಯಾದ ಭಾರತೀಯ ಕಥೋಲಿಕ ಆರೋಗ್ಯ ಸಂಘದಲ್ಲಿ ಇಂದು ಮೂರು ಸಾವಿರಕ್ಕೂ ಮಿಕ್ಕಿದ ಸಂಸ್ಥೆಗಳು ಸದಸ್ಯತ್ವ ಪಡೆದಿವೆ. ದುಡಿಯುವವರೂ ನಮ್ಮವರೇ, ದುಡಿಸುವವರಲ್ಲಿಯೂ ನಮ್ಮವರಿದ್ದಾರೆ. ಆದುದರಿಂದ ಈ ವಿಷಯದಲ್ಲಿ ನಾವು ದೂರ ನಿಂತು ನೋಡುವ ಪ್ರೇಕ್ಷಕರಾಗುವಂತಿಲ್ಲ.

ದಣಿವು ಬೇರೆ, ಬಸವಳಿಕೆ ಬೇರೆ

ದುಡಿದ ದೇಹ ದಣಿಯುವುದು ಸಹಜ. ಒಂದು ರಾತ್ರಿಯ ಸುಖನಿದ್ರೆ, ಒಂದು ಭಾನುವಾರದ ಬಿಡುವು ಆ ದಣಿವನ್ನು ನೀಗಿಸುತ್ತದೆ. ಆದರೆ ನಿದ್ರೆಯಿಂದಲೂ ರಜೆಯಿಂದಲೂ ನೀಗದ ಇನ್ನೊಂದು ಬಗೆಯ ದಣಿವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಬರ್ನ್‌ಔಟ್ ಎಂಬ ಹೆಸರು ರೂಢಿಯಲ್ಲಿದೆ. ಕನ್ನಡದಲ್ಲಿ ಬಸವಳಿಕೆ ಎನ್ನಬಹುದು. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು 1974ರಲ್ಲಿ ಈ ಸ್ಥಿತಿಯನ್ನು ಕುರಿತು ಬರೆದಾಗ ಅವರ ಕಣ್ಣೆದುರು ಇದ್ದವರು ವ್ಯಾಪಾರಿಗಳಲ್ಲ, ಅಧಿಕಾರಿಗಳಲ್ಲ. ಉಚಿತ ಚಿಕಿತ್ಸಾಲಯವೊಂದರಲ್ಲಿ ಉತ್ಸಾಹದಿಂದ ದುಡಿಯಲು ಬಂದ ಸೇವಾಕರ್ತರು. ಈ ಸಂಗತಿಯನ್ನು ಗಮನಿಸಬೇಕು. ಬಸವಳಿಕೆ ಮೊದಲು ಕಾಣಿಸಿಕೊಂಡುದು ಸೋಮಾರಿಗಳಲ್ಲಿ ಅಲ್ಲ, ತಮ್ಮನ್ನು ಪೂರ್ಣವಾಗಿ ಕೊಟ್ಟುಕೊಂಡವರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದರ ಮೂರು ಲಕ್ಷಣಗಳನ್ನು ಗುರುತಿಸಿದೆ. ಮೊದಲನೆಯದು ಶಕ್ತಿಯೆಲ್ಲ ಬತ್ತಿಹೋದ ಅನುಭವ. ಎರಡನೆಯದು ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಅದರ ಬಗ್ಗೆ ಕಹಿಭಾವನೆ ಮೂಡುವುದು. ಮೂರನೆಯದು ತನ್ನಿಂದ ಏನೂ ಆಗದು ಎಂಬ ಭಾವ. ಇಷ್ಟೇ ಅಲ್ಲ, ಇದನ್ನು ಒಂದು ಕಾಯಿಲೆಯೆಂದು ಪರಿಗಣಿಸದೆ, ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೆಂದೇ ಸಂಸ್ಥೆಯು ಹೆಸರಿಸಿದೆ. ಕೆಲಸದ ಸ್ಥಳದಲ್ಲಿ ಬಹುಕಾಲ ಮುಂದುವರಿದ, ಸರಿಯಾಗಿ ನಿಭಾಯಿಸಲಾಗದ ಒತ್ತಡವೇ ಇದಕ್ಕೆ ಮೂಲವೆಂದು ಅದು ಸ್ಪಷ್ಟಪಡಿಸಿದೆ. ಅಂದರೆ ಬಸವಳಿದವಳ ಮನಸ್ಸನ್ನು ಮಾತ್ರ ಪರೀಕ್ಷಿಸಿದರೆ ಸಾಲದು, ಅವಳು ದುಡಿಯುವ ವಾರ್ಡನ್ನೂ ಪರೀಕ್ಷಿಸಬೇಕು.

ದಾದಿಯರ ವಿಷಯದಲ್ಲಿ ಎರಡನೆಯ ಲಕ್ಷಣವನ್ನು ನಾವು ಹೆಚ್ಚಾಗಿ ತಪ್ಪು ತಿಳಿಯುತ್ತೇವೆ. ರೋಗಿಯ ಕರೆಗೆ ಗಡುಸಾಗಿ ಉತ್ತರಿಸುವ, ಮುಖ ಕೊಟ್ಟು ಮಾತನಾಡದ ದಾದಿಯನ್ನು ಕಂಡಾಗ ‘ಎಂಥ ಕಲ್ಲುಮನಸ್ಸು!’ ಎಂದು ಉದ್ಗರಿಸುತ್ತೇವೆ. ಆ ಗಡಸುತನ ಅವಳ ಹುಟ್ಟುಗುಣವಾಗಿರಲಾರದು. ಹತ್ತು ಹಾಸಿಗೆಗಳಿಗೆ ಹಂಚಬಹುದಾದ ಕರುಣೆಯನ್ನು ಮೂವತ್ತು ಹಾಸಿಗೆಗಳಿಗೆ ಹಂಚಬೇಕಾಗಿ ಬಂದಾಗ ಮನಸ್ಸು ತನ್ನ ರಕ್ಷಣೆಗೆ ತಾನೇ ಕಟ್ಟಿಕೊಳ್ಳುವ ಗೋಡೆಯದು.

ಲೆಕ್ಕ ಏನು ಹೇಳುತ್ತದೆ?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ, ವೈದ್ಯಕೀಯ ಶಿಕ್ಷಣ ನೀಡುವ ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ ಪ್ರತಿ 3 ರೋಗಿಗಳಿಗೆ ಒಬ್ಬ ದಾದಿ, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಪ್ರತಿ 5 ರೋಗಿಗಳಿಗೆ ಒಬ್ಬ ದಾದಿ ಇರಬೇಕು. ತೀವ್ರ ನಿಗಾ ಘಟಕದಲ್ಲಿ ರೋಗಿಗೊಬ್ಬ ದಾದಿ ಇರಬೇಕು. ಕೇಳಲು ಇದು ಹಿತವಾಗಿದೆ. ಆದರೆ ವಾರ್ಡುಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಅದು ಮೂರೂ ಪಾಳಿಗಳ ದಾದಿಯರನ್ನು ಒಟ್ಟುಗೂಡಿಸಿದ ಲೆಕ್ಕ. ಒಂದು ಪಾಳಿಗೆ ಹಂಚಿದಾಗ 3 ಎಂಬುದು 9 ಆಗುತ್ತದೆ, 5 ಎಂಬುದು 15 ಆಗುತ್ತದೆ. ಇದರ ಜೊತೆಗೆ ರಜೆ, ಕಾಯಿಲೆ, ಹೆರಿಗೆ ಮುಂತಾದ ಕಾರಣಗಳಿಂದ ಬರಲಾಗದವರ ಬದಲಿಗೆ ಶೇಕಡ 30ರಷ್ಟು ಹೆಚ್ಚುವರಿ ದಾದಿಯರನ್ನು ನೇಮಿಸಿಕೊಂಡಿರಬೇಕು ಎಂಬುದೂ ಮಾನದಂಡದಲ್ಲಿ ಸೇರಿದೆ. ಈ ಹೆಚ್ಚುವರಿ ನೇಮಕವಿಲ್ಲದ ಆಸ್ಪತ್ರೆಯಲ್ಲಿ ಇಬ್ಬರು ರಜೆ ಹಾಕಿದರೆ ಉಳಿದವರ ಪಾಲಿಗೆ ಅವರ ಹಾಸಿಗೆಗಳೂ ಬರುತ್ತವೆ. ‘ಇವತ್ತೊಂದು ದಿನ ಸುಧಾರಿಸಿಕೊಳ್ಳಿ’ ಎಂಬ ಮಾತು ಹುಟ್ಟುವುದು ಇಲ್ಲಿಯೇ. ಆ ಒಂದು ದಿನ ವರ್ಷವಿಡೀ ನಡೆಯುತ್ತದೆ.

ರಾತ್ರಿ ಎಂಟಕ್ಕೆ ಆರಂಭವಾಗಿ ಬೆಳಗ್ಗೆ ಎಂಟಕ್ಕೆ ಮುಗಿಯುವ ಪಾಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹನ್ನೆರಡು ಗಂಟೆಗಳೆಂದರೆ 720 ನಿಮಿಷ. ವಾರ್ಡಿನಲ್ಲಿ 30 ರೋಗಿಗಳಿದ್ದು ದಾದಿ ಒಬ್ಬಳೇ ಇದ್ದರೆ ಒಬ್ಬ ರೋಗಿಗೆ ಇಡೀ ರಾತ್ರಿಯಲ್ಲಿ ದೊರೆಯುವುದು 24 ನಿಮಿಷ. ಮಾತ್ರೆ, ಚುಚ್ಚುಮದ್ದು, ರಕ್ತದೊತ್ತಡ ಮತ್ತು ಜ್ವರದ ತಪಾಸಣೆ, ಡ್ರಿಪ್ ಬದಲಾವಣೆ, ವೈದ್ಯರಿಗೆ ಕರೆ, ಹೊಸದಾಗಿ ದಾಖಲಾದವರ ವಿವರ, ಮುಂದಿನ ಪಾಳಿಗೆ ಒಪ್ಪಿಸಬೇಕಾದ ಬರಹ, ಜೊತೆಗಿರುವವರ ಪ್ರಶ್ನೆಗಳಿಗೆ ಉತ್ತರ, ಎಲ್ಲವೂ ಆ 24 ನಿಮಿಷಗಳಲ್ಲಿ ಮುಗಿಯಬೇಕು. ಆಕೆಯ ಊಟದ ಹೊತ್ತು, ಬಾಯಾರಿಕೆ, ಶೌಚ ಇವನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ. ಒಬ್ಬ ರೋಗಿಯ ಸ್ಥಿತಿ ಹದಗೆಟ್ಟು ಅವನ ಬಳಿ ಎರಡು ಗಂಟೆ ನಿಲ್ಲಬೇಕಾಗಿ ಬಂದರೆ ಉಳಿದ 29 ಮಂದಿಯ ಪಾಲು ಏನಾಗುವುದೆಂದು ಓದುಗರೇ ಊಹಿಸಬಹುದು.

ಇದು ದಾದಿಯ ಸೊಂಟನೋವು ತಲೆನೋವುಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹತ್ತು ಸಾವಿರಕ್ಕೂ ಮಿಕ್ಕಿದ ದಾದಿಯರನ್ನು, ಎರಡು ಲಕ್ಷಕ್ಕೂ ಮಿಕ್ಕಿದ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಅದು ಒಳಗೊಂಡಿತ್ತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ದಾದಿ ಬಸವಳಿಯುವ ಸಂಭವ ಶೇಕಡ 23ರಷ್ಟು ಏರುತ್ತದೆ, ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಏರುತ್ತದೆ ಎಂಬುದು ಅದರ ಫಲಿತಾಂಶ. ಈ ಎರಡು ಅಂಕೆಗಳನ್ನು ಒಟ್ಟಿಗೆ ಓದಬೇಕು. ದಾದಿಯ ದಣಿವು ಹಾಗೂ ರೋಗಿಯ ಪ್ರಾಣಾಪಾಯ ಒಂದೇ ಕೊರತೆಯಿಂದ ಹುಟ್ಟಿದ ಎರಡು ಫಲಗಳು.

‘ಸಿಸ್ಟರ್’ ಎಂಬ ಒಂದು ಶಬ್ದ

ನಮ್ಮ ಆಸ್ಪತ್ರೆಗಳಲ್ಲಿ ದಾದಿಯನ್ನು ‘ಸಿಸ್ಟರ್’ ಎಂದು ಕರೆಯುವುದು ರೂಢಿ. ಧರ್ಮಭಗಿನಿಯರನ್ನು ಕರೆಯುವುದೂ ಇದೇ ಶಬ್ದದಿಂದ. ಇದು ಆಕಸ್ಮಿಕವಲ್ಲ. ರೋಗಿಗಳ ಶುಶ್ರೂಷೆಯನ್ನು ಶತಮಾನಗಳ ಕಾಲ ಹೊತ್ತು ನಡೆಸಿದವರು ಧರ್ಮಸಭೆಗಳ ಭಗಿನಿಯರು. ಗೌರವದ ಸಂಬೋಧನೆಯಾಗಿ ಆ ಶಬ್ದ ಉಳಿದುಬಂದಿದೆ. ಆದರೆ ಅದರೊಂದಿಗೆ ಒಂದು ನಿರೀಕ್ಷೆಯೂ ಸದ್ದಿಲ್ಲದೆ ಉಳಿದುಬಂದಿದೆ. ವ್ರತ ತೊಟ್ಟವರಂತೆ ಆಕೆ ವೇಳೆ ನೋಡಬಾರದು, ವೇತನದ ಮಾತೆತ್ತಬಾರದು, ಬೇಸರ ತೋರಬಾರದು ಎಂಬುದೇ ಆ ನಿರೀಕ್ಷೆ.

ವ್ರತ ತೊಟ್ಟ ಭಗಿನಿಗೆ ಇರುವ ಆಸರೆಯನ್ನು ನಾವು ಮರೆಯುತ್ತೇವೆ. ಅವರ ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ, ಊಟಕ್ಕೆ, ವಿಶ್ರಾಂತಿಗೆ ನಿಗದಿಯಾದ ವೇಳೆಯಿದೆ. ಕಾಯಿಲೆ ಬಿದ್ದರೆ ನೋಡಿಕೊಳ್ಳುವ, ವೃದ್ಧಾಪ್ಯದಲ್ಲಿ ಕೈಬಿಡದ ಸಂಗಾತಿಗಳಿದ್ದಾರೆ. ಅವರೂ ಅತಿಭಾರದಿಂದ ಕುಗ್ಗುವುದುಂಟು ಎಂಬುದು ಬೇರೆ ಮಾತು. ಆದರೆ ಸಂಬಳಕ್ಕೆ ದುಡಿಯುವ ದಾದಿಗೆ ಇದಾವುದೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸು ಹಿಡಿದು ಮನೆ ಸೇರಿದವಳಿಗೆ ಅಡುಗೆಯಿದೆ, ಮಕ್ಕಳ ಶಾಲೆಯಿದೆ, ಕಾಯಿಲೆಯ ಅತ್ತೆಯಿದ್ದಾರೆ, ನರ್ಸಿಂಗ್ ಓದಿಗಾಗಿ ಬ್ಯಾಂಕಿನಿಂದ ಪಡೆದ ಸಾಲದ ಕಂತಿದೆ. ವ್ರತದ ತ್ಯಾಗವನ್ನು ಆಕೆಯಿಂದ ನಿರೀಕ್ಷಿಸಿ, ವ್ರತಕ್ಕೆ ದೊರೆಯುವ ಆಸರೆಯನ್ನು ಕೊಡದಿರುವುದು ನ್ಯಾಯವಲ್ಲ. ‘ಸೇವೆ’ ಎಂಬುದು ಪವಿತ್ರವಾದ ಮಾತು. ಖಾಲಿ ಹುದ್ದೆಯನ್ನು ತುಂಬದೆ ಬಿಡುವುದಕ್ಕೆ ಅದನ್ನು ನೆಪವಾಗಿಸಿದರೆ ಆ ಮಾತಿಗೇ ಅಪಚಾರವಾಗುತ್ತದೆ.

ಪವಿತ್ರ ಬೈಬಲಿನ ವಿಮೋಚನಕಾಂಡದಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ನೆನಪಿಗೆ ಯೋಗ್ಯವಾಗಿದೆ. ಮೋಶೆ ಮುಂಜಾನೆಯಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿರುವುದನ್ನು ಅವನ ಮಾವ ಇತ್ರೋ ಕಾಣುತ್ತಾನೆ. ಅಳಿಯನ ನಿಷ್ಠೆಯನ್ನು ಆತ ಹೊಗಳುವುದಿಲ್ಲ, ಇನ್ನಷ್ಟು ತಾಳ್ಮೆ ತಂದುಕೋ ಎಂದು ಬೋಧಿಸುವುದೂ ಇಲ್ಲ. ಹೀಗೆ ಮಾಡಿದರೆ ನೀನೂ ಬಳಲುವೆ, ನಿನ್ನ ಬಳಿಗೆ ಬಂದ ಜನರೂ ಬಳಲುವರು ಎಂದು ಎಚ್ಚರಿಸಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ಯೋಗ್ಯರನ್ನು ನೇಮಿಸಲು ಸಲಹೆ ನೀಡುತ್ತಾನೆ. ಒಬ್ಬನ ಅತಿಭಾರಕ್ಕೆ ಇತ್ರೋ ಕಂಡುಕೊಂಡ ಪರಿಹಾರ ಉಪದೇಶವಲ್ಲ, ಹೆಚ್ಚು ಕೈಗಳ ನೇಮಕ.

ಮನೆಯವರ ಪಾತ್ರ

ಕುಟುಂಬಗಳಾದ ನಾವು ಈ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದೇವೆ ಎಂಬುದನ್ನೂ ವಿಮರ್ಶಿಸಬೇಕಾಗಿದೆ. ‘ಇನ್ನು ನನ್ನಿಂದಾಗದು’ ಎಂದು ಮಗಳು ಫೋನಿನಲ್ಲಿ ಹೇಳಿದಾಗ ‘ಎಲ್ಲ ಕಡೆಯೂ ಹೀಗೆಯೇ, ಸ್ವಲ್ಪ ಸಹಿಸಿಕೋ ಮಗಳೇ’ ಎಂಬುದು ತಾಯ್ತಂದೆಯರ ಸಾಮಾನ್ಯ ಉತ್ತರ. ಅದರ ಹಿಂದೆ ಪ್ರೀತಿಯಿಲ್ಲವೆಂದಲ್ಲ. ಸಾಲದ ಭಯವಿದೆ, ವಿದೇಶಕ್ಕೆ ಹೋಗಲು ಬೇಕಾದ ಎರಡು ಮೂರು ವರ್ಷಗಳ ಅನುಭವಪತ್ರದ ಚಿಂತೆಯಿದೆ. ಕೆಲವೆಡೆ ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿಟ್ಟುಕೊಂಡು ಬಾಂಡ್ ಬರೆಸಿಕೊಳ್ಳುವ ಕೆಟ್ಟ ಪದ್ಧತಿಯೂ ಉಂಟು. ಇವೆಲ್ಲದರ ನಡುವೆ ಮಗಳ ಮಾತು ದೂರೆಂದು ಕಾಣುತ್ತದೆ, ಎಚ್ಚರಿಕೆಯೆಂದು ಕಾಣುವುದಿಲ್ಲ.

ವಿದೇಶಕ್ಕೆ ಹೋದರೆ ಎಲ್ಲವೂ ಸರಿಯಾಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ತೂಗಿ ನೋಡಬೇಕು. ಅಲ್ಲಿ ವೇತನ ಹೆಚ್ಚು ಎಂಬುದು ನಿಜ. ಆದರೆ ದಾದಿಯರ ಕೊರತೆ ಜಗತ್ತಿನಾದ್ಯಂತ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ದಾದಿಯರಿದ್ದರು. ಇನ್ನೂ 58 ಲಕ್ಷ ಮಂದಿಯ ಕೊರತೆಯಿತ್ತು. ನಮ್ಮ ಮಕ್ಕಳನ್ನು ಹೊರದೇಶಗಳು ಕೈಬೀಸಿ ಕರೆಯುವುದು ಈ ಕೊರತೆಯಿಂದಲೇ. ಇಲ್ಲಿಂದ ಒಬ್ಬಳು ಹೊರಟಾಗ ಇಲ್ಲಿನ ವಾರ್ಡಿನಲ್ಲಿ ಉಳಿದವಳ ಹೊರೆ ಇನ್ನಷ್ಟು ಹೆಚ್ಚುತ್ತದೆ. ಹೊರಡುವುದು ಆಕೆಯ ಹಕ್ಕು; ಅದನ್ನು ಯಾರೂ ತಪ್ಪೆನ್ನಲಾಗದು. ಆದರೆ ಒಬ್ಬೊಬ್ಬರಾಗಿ ತಪ್ಪಿಸಿಕೊಳ್ಳುವುದರಿಂದ ವ್ಯವಸ್ಥೆ ಸರಿಹೋಗದು.

ಕೋವಿಡ್ ಕಾಲದ ಪಾಠವೂ ಇದೇ. 2020ರ ಮೇ ತಿಂಗಳಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ನೂರಾರು ದಾದಿಯರು ರಾಜೀನಾಮೆಯಿತ್ತು ಮಣಿಪುರ ಮತ್ತಿತರ ತಮ್ಮ ರಾಜ್ಯಗಳಿಗೆ ಮರಳಿದರು. ಚಪ್ಪಾಳೆ ತಟ್ಟಿ, ದೀಪ ಬೆಳಗಿ ಗೌರವಿಸಿದ ವರ್ಷವೇ ಅದು ನಡೆಯಿತು. ಗೌರವ ಬೇಡವೆಂದಲ್ಲ, ಗೌರವ ಪಾಳಿಯ ಪಟ್ಟಿಯಲ್ಲಿಯೂ ಕಾಣಬೇಕು.

ನ್ಯಾಯಾಲಯ, ಸಮಿತಿ, ಮುಷ್ಕರ

ಸರಕಾರ ಮತ್ತು ನ್ಯಾಯಾಲಯಗಳು ಈ ವಿಷಯವನ್ನು ಅರಿಯದೆ ಇಲ್ಲ. ಭಾರತೀಯ ತರಬೇತಿ ಪಡೆದ ದಾದಿಯರ ಸಂಘದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2016ರ ಜನವರಿಯಲ್ಲಿ ನೀಡಿದ ಆದೇಶದಂತೆ ಕೇಂದ್ರ ಸರಕಾರ ಒಂದು ಸಮಿತಿಯನ್ನು ನೇಮಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳು ಆಯಾ ರಾಜ್ಯ ಸರಕಾರದ ದಾದಿಯರಿಗೆ ಸಮನಾದ ವೇತನ ನೀಡಬೇಕು. 100ಕ್ಕಿಂತ ಹೆಚ್ಚಿದ್ದರೆ ಶೇಕಡ 10ಕ್ಕಿಂತ, 50ರಿಂದ 100 ಇದ್ದರೆ ಶೇಕಡ 25ಕ್ಕಿಂತ ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದಲ್ಲಿಯೂ ತಿಂಗಳಿಗೆ 20,000 ರೂಪಾಯಿಗಳಿಗಿಂತ ಕಡಿಮೆ ಇರಬಾರದು ಎಂಬುದು ಸಮಿತಿಯ ಶಿಫಾರಸು. ರಜೆ, ದುಡಿಮೆಯ ವೇಳೆ, ವಸತಿ ಮುಂತಾದ ಸೌಲಭ್ಯಗಳೂ ಸರಕಾರಿ ದಾದಿಯರಿಗೆ ಸಮನಾಗಿರಬೇಕೆಂದು ಅದು ಹೇಳಿತು. ಆದರೆ ಶಿಫಾರಸು ಕಾನೂನಲ್ಲ. ಅದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳ ಮೇಲೆ ಬಿದ್ದಿತು.

ನೆರೆಯ ಕೇರಳದಲ್ಲಿ ದಾರಿ ಸುಗಮವಾಗಿರಲಿಲ್ಲ. 2011 ಮತ್ತು 2012ರಲ್ಲಿ ಅಲ್ಲಿನ ಖಾಸಗಿ ಆಸ್ಪತ್ರೆಗಳ ದಾದಿಯರು ಸಂಘಟಿತರಾಗಿ ಸರಣಿ ಮುಷ್ಕರಗಳನ್ನು ನಡೆಸಿದರು. ಧರ್ಮಸಭೆಯ ಆಡಳಿತದಲ್ಲಿದ್ದ ಆಸ್ಪತ್ರೆಗಳೂ ಇದಕ್ಕೆ ಹೊರತಾಗಿರಲಿಲ್ಲ ಎಂಬುದನ್ನು ನೋವಿನಿಂದಲೇ ಒಪ್ಪಿಕೊಳ್ಳಬೇಕು. 2017ರಲ್ಲಿ ಹೋರಾಟ ಮತ್ತೆ ಭುಗಿಲೆದ್ದ ಬಳಿಕ, 2018ರ ಏಪ್ರಿಲ್‌ನಲ್ಲಿ, 20,000 ರೂಪಾಯಿಗಳ ಕನಿಷ್ಠ ವೇತನದ ಅಧಿಸೂಚನೆ ಹೊರಬಂದಿತು. ದುಡಿಮೆಗಾರರಿಗೆ ಅವರ ಮನಸ್ಸು ಮಂಕಾಗುವಷ್ಟು, ದೇಹ ಜರ್ಜರಿತವಾಗುವಷ್ಟು ಹೊರೆ ಹೊರಿಸುವುದು ಅನ್ಯಾಯವೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ಮೇ 15ರಂದು ಹೊರಡಿಸಿದ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಬೋಧಿಸಿದ್ದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ತಳೆದಾಗ ಆ ವಿಶ್ವಪತ್ರವನ್ನೇ ಕಾರಣವಾಗಿ ಸ್ಮರಿಸಿದರು. ನಮ್ಮ ಸಂಸ್ಥೆಗಳು ಈ ಬೋಧನೆಯನ್ನು ಇತರರಿಗಿಂತ ಮೊದಲು ತಮ್ಮ ಮನೆಯೊಳಗೆ ಆಚರಿಸಿ ತೋರಬೇಕಾದುದು ನ್ಯಾಯ.

ವೈದ್ಯರ ಸ್ಥಿತಿಯೂ ಭಿನ್ನವಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಸರಕಾರಿ ಆಸ್ಪತ್ರೆಯೊಂದರಲ್ಲಿ ಕರ್ತವ್ಯದ ನಡುವೆ ವಿಶ್ರಮಿಸುತ್ತಿದ್ದ ತರುಣ ವೈದ್ಯೆಯ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆ ಇಡೀ ದೇಶವನ್ನು ತಲ್ಲಣಗೊಳಿಸಿತು. ಆ ಪ್ರಕರಣದ ವಿಚಾರಣೆಯ ವೇಳೆ, ಕಿರಿಯ ವೈದ್ಯರನ್ನು ಸತತ 36 ಗಂಟೆ ದುಡಿಸುವುದು ಅಮಾನವೀಯವೆಂದು ಸರ್ವೋಚ್ಚ ನ್ಯಾಯಾಲಯ ಕಳವಳ ವ್ಯಕ್ತಪಡಿಸಿತು.

ಹಣ ಎಲ್ಲಿಂದ?

‘ನಮ್ಮದು ಬಡವರ ಆಸ್ಪತ್ರೆ. ಶುಲ್ಕ ಕಡಿಮೆ. ಇನ್ನಷ್ಟು ದಾದಿಯರನ್ನು ನೇಮಿಸಿದರೆ ಬಾಗಿಲು ಮುಚ್ಚಬೇಕಾದೀತು’ ಎಂಬುದು ಆಡಳಿತದವರ ಸಾಮಾನ್ಯ ಸಮಾಧಾನ. ಹಳ್ಳಿಗಾಡಿನ ಸಣ್ಣ ಮಿಷನ್ ಆಸ್ಪತ್ರೆಗಳ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ಅವುಗಳ ಕಷ್ಟವನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಕಟ್ಟಡಕ್ಕೆ ಹೊಸ ಅಂತಸ್ತು ಏರಿಸಲು, ದುಬಾರಿ ಯಂತ್ರ ತರಿಸಲು ಹಣ ಒದಗುವ ಆಸ್ಪತ್ರೆಯಲ್ಲಿ ದಾದಿಯ ನೇಮಕಕ್ಕೆ ಮಾತ್ರ ಹಣ ಸಾಲದು ಎಂಬ ವಾದ ನಿಲ್ಲಲಾರದು.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ಒಂದು ನಿಯಮವನ್ನು ಜಾರಿಗೆ ತಂದಿತು. ಆಯ್ದ ಸರಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಹಗಲಿನ ಪಾಳಿಗಳಲ್ಲಿ 4 ರೋಗಿಗಳಿಗೆ, ರಾತ್ರಿ 7 ರೋಗಿಗಳಿಗೆ ಕನಿಷ್ಠ ಒಬ್ಬ ದಾದಿ ಇರಲೇಬೇಕು ಎಂಬುದು ಅದರ ಸಾರ. ಇದರ ಪರಿಣಾಮವನ್ನು ಅಳೆದ ಅಧ್ಯಯನವೊಂದು 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾವುಗಳು ಕಡಿಮೆಯಾದವು; ರೋಗಿಗಳು ಬೇಗನೆ ಮನೆಗೆ ಮರಳಿದರು; ಮತ್ತೆ ಆಸ್ಪತ್ರೆ ಸೇರುವವರ ಸಂಖ್ಯೆಯೂ ತಗ್ಗಿತು. ಹೀಗೆ ಉಳಿದ ಹಣ ಹೆಚ್ಚುವರಿ ದಾದಿಯರಿಗೆ ತಗಲಿದ ವೆಚ್ಚದ ಎರಡು ಪಟ್ಟಿಗಿಂತಲೂ ಮಿಗಿಲಾಗಿತ್ತು. ಆ ದೇಶದ ಲೆಕ್ಕವನ್ನು ನಮ್ಮಲ್ಲಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ದಾದಿಯ ನೇಮಕವೆಂದರೆ ಬರಿಯ ಖರ್ಚು ಎಂಬ ಭಾವನೆಯನ್ನು ಅದು ಅಲುಗಿಸುತ್ತದೆ.

ಹಣವಿಲ್ಲದೆಯೂ ಮಾಡಬಹುದಾದ ಕೆಲಸಗಳು ಕೆಲವಿವೆ. ಬಿಲ್ಲಿನ ಲೆಕ್ಕ, ಔಷಧಾಲಯಕ್ಕೆ ಓಡಾಟ, ವಿಮೆಯ ಕಾಗದಪತ್ರ ಇವು ದಾದಿಯ ಕೆಲಸವಲ್ಲ. ಆಫೀಸಿನ ಸಿಬ್ಬಂದಿಗೆ ಅವನ್ನು ಒಪ್ಪಿಸಬಹುದು. ಪಾಳಿಯ ಪಟ್ಟಿಯನ್ನು ತಿಂಗಳ ಮೊದಲೇ ಪ್ರಕಟಿಸಬಹುದು. ರಾತ್ರಿ ಪಾಳಿ ಮುಗಿಸಿದವಳನ್ನು ಮರುಹಗಲು ಕರೆಸದಿರಬಹುದು. ದಾದಿಯರ ಸಂಖ್ಯೆ ತೀರ ಕಡಿಮೆಯಿರುವ ದಿನ ಹೊಸ ರೋಗಿಗಳನ್ನು ಆ ವಾರ್ಡಿಗೆ ಸೇರಿಸದಿರುವ ಅಧಿಕಾರವನ್ನು ಮೇಟ್ರನ್‌ಗೆ ಕೊಡಬಹುದು. ಇದಕ್ಕೆಲ್ಲ ಮೊದಲು ಬೇಕಾದುದು ಮನಸ್ಸು.

ಏನು ಮಾಡಬಹುದು?

ಬಸವಳಿಕೆಗೆ ಯೋಗ, ಧ್ಯಾನ, ಪ್ರಾರ್ಥನೆ, ವಿಹಾರ ಎಂಬ ಸಲಹೆಗಳು ಸಾಕಷ್ಟಿವೆ. ಅವು ಒಳ್ಳೆಯವೇ. ಆದರೆ ಅವಷ್ಟನ್ನೇ ಹೇಳಿದರೆ ಭಾರ ಹೊತ್ತವಳ ಮೇಲೆ ಇನ್ನೊಂದು ಕರ್ತವ್ಯವನ್ನು ಹೊರಿಸಿದಂತಾಗುತ್ತದೆ. ಆದುದರಿಂದ ವಾರ್ಡಿನಲ್ಲಿ ಆಗಬೇಕಾದುದನ್ನು ಮೊದಲು ಹೇಳಬೇಕು.

ದಾದಿಯರು ಮಾಡಬಹುದಾದ ಮೊದಲ ಕೆಲಸ ಬರೆದಿಡುವುದು. ದಿನಾಂಕ, ಪಾಳಿ, ರೋಗಿಗಳ ಸಂಖ್ಯೆ, ದಾದಿಯರ ಸಂಖ್ಯೆ, ಹೆಚ್ಚುವರಿಯಾಗಿ ದುಡಿದ ಗಂಟೆಗಳು, ಈ ಐದು ಸಂಗತಿಗಳನ್ನು ಒಂದು ಪುಟ್ಟ ಪುಸ್ತಕದಲ್ಲಿ ತಿಂಗಳ ಕಾಲ ಬರೆದಿಟ್ಟರೆ ಅದು ಗೊಣಗಾಟವಾಗಿ ಉಳಿಯದೆ ದಾಖಲೆಯಾಗುತ್ತದೆ. ರೋಗಿಗಳ ಹೆಸರನ್ನಾಗಲಿ ಅವರ ಕಾಯಿಲೆಯ ವಿವರವನ್ನಾಗಲಿ ಅದರಲ್ಲಿ ಬರೆಯಬಾರದು. ಬಾಯಿಮಾತಿನ ದೂರನ್ನು ಮರೆಯುವುದು ಸುಲಭ, ಮೂವತ್ತು ದಿನಗಳ ಅಂಕೆಗಳನ್ನು ಮರೆಯುವುದು ಸುಲಭವಲ್ಲ. ಒಬ್ಬಳೇ ಹೋಗದೆ ನಾಲ್ಕೈದು ಮಂದಿ ಜೊತೆಯಾಗಿ, ಲಿಖಿತವಾಗಿ, ವಿನಯದಿಂದ ಮೇಟ್ರನ್ ಹಾಗೂ ಆಡಳಿತದ ಮುಂದೆ ಇಡಬೇಕು. ಕೆಲಸ ಮಿತಿ ಮೀರಿದ ರಾತ್ರಿ ‘ಇವುಗಳಲ್ಲಿ ಯಾವುದನ್ನು ಮೊದಲು ಮಾಡಲಿ, ಯಾವುದು ಕಾಯಬಹುದು?’ ಎಂದು ಮೇಲಿನವರನ್ನು ಕೇಳಿ ತಿಳಿಯುವುದೂ ಒಳ್ಳೆಯದು. ಆಗ ಆಯ್ಕೆಯ ಹೊಣೆ ಒಬ್ಬಳ ಮೇಲೆಯೇ ಬೀಳುವುದಿಲ್ಲ.

ಕಾನೂನಿನ ತಿಳಿವಳಿಕೆಯೂ ಇರಬೇಕು. ಈಗ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯು ಕಾರ್ಮಿಕರಿಗೆ ದಿನಕ್ಕೆ 8 ಗಂಟೆಯ ದುಡಿಮೆಯನ್ನು ನಿಗದಿಪಡಿಸುತ್ತದೆ. ಹೆಚ್ಚುವರಿ ದುಡಿಮೆಗೆ ಒಪ್ಪಿಗೆ ಬೇಕು, ಇಮ್ಮಡಿ ವೇತನ ಕೊಡಬೇಕು, ನೇಮಕಾತಿ ಪತ್ರ ನೀಡಲೇಬೇಕು ಎಂಬುದೂ ಅದರಲ್ಲಿದೆ. ನೇಮಕಾತಿ ಪತ್ರವನ್ನು ಮನೆಯವರೊಂದಿಗೆ ಕುಳಿತು ಓದಿ ಸಹಿ ಮಾಡುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು.

ಕುಟುಂಬದವರು ಕೆಲವು ಲಕ್ಷಣಗಳನ್ನು ಗಮನಿಸಬೇಕು. ರಜೆಯಲ್ಲಿಯೂ ನಿದ್ರೆ ಬಾರದಿರುವುದು, ಪಾಳಿಯ ಹೊತ್ತು ಸಮೀಪಿಸಿದಂತೆ ಎದೆ ಡವಗುಟ್ಟುವುದು, ಮಕ್ಕಳ ಮೇಲೆ ಕಾರಣವಿಲ್ಲದೆ ಸಿಡುಕುವುದು, ಮೊದಲು ಪ್ರೀತಿಸುತ್ತಿದ್ದ ಕೆಲಸದ ಬಗ್ಗೆ ತಿರಸ್ಕಾರದಿಂದ ಮಾತನಾಡುವುದು, ಬದುಕೇ ಬೇಡವೆಂಬ ಮಾತು ಬಾಯಿಂದ ಬರುವುದು, ಇವನ್ನು ಹಗುರವಾಗಿ ಕಾಣಕೂಡದು. ಇಂಥ ಸಂದರ್ಭದಲ್ಲಿ ವೈದ್ಯರನ್ನು ಕಾಣಲು ಸಂಕೋಚಪಡಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ. ರಾತ್ರಿ ಪಾಳಿಯಿಂದ ಬಂದವಳನ್ನು ಹಗಲು ನಿದ್ರಿಸಲು ಬಿಡುವುದು, ಅಂದಿನ ಅಡುಗೆಯನ್ನು ಗಂಡನೋ ಮಾವನೋ ಮಾಡುವುದು, ಇವು ಯಾವ ವೈದ್ಯರ ಚೀಟಿಯೂ ಬೇಡದ ಔಷಧಗಳು.

ನಾವು ರೋಗಿಗಳ ಕಡೆಯವರಾಗಿ ಆಸ್ಪತ್ರೆಗೆ ಹೋದಾಗಲೂ ನಮ್ಮ ಹೊಣೆಯಿದೆ. ಡ್ರಿಪ್ ತಡವಾಯಿತೆಂದು ದಾದಿಯ ಮೇಲೆ ಕೂಗಾಡುವವರು ಅನೇಕರು. ಆಡಳಿತದ ಕಚೇರಿಗೆ ಹೋಗಿ ‘ಈ ರಾತ್ರಿ ಈ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ದಾದಿಯರಿದ್ದಾರೆ?’ ಎಂದು ಕೇಳುವವರು ವಿರಳ. ಕೊಠಡಿಯ ಬಾಡಿಗೆಯನ್ನು, ಶಸ್ತ್ರಚಿಕಿತ್ಸೆಯ ಖರ್ಚನ್ನು ವಿಚಾರಿಸುವ ನಾವು ಇದನ್ನೂ ವಿಚಾರಿಸಬೇಕು. ಪ್ರತಿ ವಾರ್ಡಿನ ಬಾಗಿಲಲ್ಲಿ ಅಂದಂದಿನ ರೋಗಿಗಳ ಹಾಗೂ ದಾದಿಯರ ಸಂಖ್ಯೆಯನ್ನು ಫಲಕದ ಮೇಲೆ ಬರೆಯುವ ಪದ್ಧತಿಯನ್ನು ಧರ್ಮಸಭೆಯ ಆಸ್ಪತ್ರೆಗಳು ತಾವಾಗಿಯೇ ಆರಂಭಿಸಿದರೆ ಅದೊಂದು ಮೇಲ್ಪಂಕ್ತಿಯಾದೀತು. ಇದಕ್ಕೆ ತಗಲುವ ವೆಚ್ಚ ಒಂದು ತುಂಡು ಸೀಮೆಸುಣ್ಣ.

ಪ್ರತಿವರ್ಷ ಮೇ 12ರಂದು ದಾದಿಯರ ದಿನವನ್ನು ಆಚರಿಸಿ, ಗುಲಾಬಿ ಹೂ ನೀಡಿ, ಕೇಕು ಕತ್ತರಿಸುವುದು ವಾಡಿಕೆಯಾಗಿದೆ. ಬರುವ ವರ್ಷ ಆ ದಿನದಂದು ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ತಮ್ಮ ವ್ಯಾಪ್ತಿಯ ದಾದಿಯರನ್ನು ಒಂದೆಡೆ ಕರೆದು ಕುಳ್ಳಿರಿಸಿ, ಭಾಷಣ ಮಾಡದೆ, ಒಂದು ಗಂಟೆ ಅವರ ಮಾತನ್ನು ಕೇಳಲಿ. ಕೇಳಿದುದನ್ನು ಬರೆದುಕೊಂಡು ಆಸ್ಪತ್ರೆಗಳ ಆಡಳಿತದವರಿಗೆ ತಲಪಿಸಲಿ. ನಮ್ಮ ತಂದೆತಾಯಿಯರು ಕಾಯಿಲೆ ಬಿದ್ದು ಮಲಗಿದ ರಾತ್ರಿ ಅವರ ಬಳಿ ಎಚ್ಚರವಾಗಿರುವವಳು ಆಕೆಯೇ. ಆಕೆಯೂ ಮನುಷ್ಯಳು, ಆಕೆಗೂ ವಿಶ್ರಾಂತಿ ಬೇಕು ಎಂಬುದನ್ನು ಪಾಳಿಯ ಪಟ್ಟಿ ಬರೆಯುವವರು ಒಪ್ಪುವಂತೆ ಮಾಡುವುದು ನಮ್ಮೆಲ್ಲರ ಕೈಯಲ್ಲಿದೆ.